ವಿಮಾನಗಳ ಮನೆಯಲ್ಲಿ ಒಂದು ದಿನ

ವಿಮಾನವೆಂಬ ಮಾತು ನಮ್ಮ ನುಡಿಗೆ ಹೊಸತಲ್ಲ. ವಿಮಾನವೆಂಬ ಯಂತ್ರ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ನಮ್ಮ ಕವಿಗಳು ಆ ಮಾತನ್ನು ಧಾರಾಳವಾಗಿ ಬಳಸಿದ್ದಾರೆ. ದೇವತೆಗಳು ವಿಮಾನವೇರಿ ಬಂದು ಹೂಮಳೆ ಕರೆಯುತ್ತಾರೆ. ವಿದ್ಯಾಧರರು ವಿಮಾನದಲ್ಲಿ ಕುಳಿತು ನಾಡನ್ನು ಸುತ್ತುತ್ತಾರೆ. ಗುಡಿಯ ಗರ್ಭಗೃಹದ ಮೇಲೆ ಎದ್ದು ನಿಂತ ಶಿಖರವನ್ನೂ ಶಿಲ್ಪಿಗಳು ವಿಮಾನವೆಂದೇ ಕರೆದರು. ಕನ್ನಡ ಪಂಡಿತನಾಗಿ ಇಪ್ಪತ್ತೆಂಟು ವರ್ಷ ಈ ಮಾತಿಗೆ ಅರ್ಥ ಹೇಳುತ್ತ ಬಂದವನು ನಾನು. ಆದರೆ ವಿಮಾನವೊಂದರ ರೆಕ್ಕೆಯ ಬಳಿ ನಿಂತು ಅದನ್ನು ಕಣ್ಣುತುಂಬ ನೋಡಿದ್ದು ಮಾತ್ರ ೨೦೨೪ರ ಡಿಸೆಂಬರ್ ತಿಂಗಳಲ್ಲಿ. ಆ ದಿನದ ವೃತ್ತಾಂತವನ್ನೂ, ಆ ದಿನ ನಾನು ತಿದ್ದಿಕೊಳ್ಳಬೇಕಾಗಿ ಬಂದ ನನ್ನದೊಂದು ತಪ್ಪನ್ನೂ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ವರ್ಗವಾದಲ್ಲೆಲ್ಲ ಪಾಠ ಹೇಳಿ ಈಗ ಚಿಕ್ಕೋಡಿಯಲ್ಲಿ ನೆಲೆನಿಂತಿದ್ದೇನೆ. ಇದು ಬೆಳಗಾವಿ ಜಿಲ್ಲೆಯ ಉತ್ತರದ ಅಂಚು. ಕೃಷ್ಣೆಯ ದಂಡೆಗೆ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು. ನಮ್ಮ ಮಕ್ಕಳಿಗೆ ವಿಮಾನವೆಂದರೆ ಮುಗಿಲಿನಲ್ಲಿ ಬೆಳ್ಳಗೆ ಗೆರೆ ಎಳೆದುಕೊಂಡು ಹೋಗುವ ಒಂದು ಚುಕ್ಕೆ. ಅದು ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ. ಅದಕ್ಕೂ ತಮಗೂ ಸಂಬಂಧವಿಲ್ಲವೆಂದೇ ಅವರ ಭಾವನೆ.

ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರೆಂದು ಗೊತ್ತಾದಾಗ ನಾನು ಲಾಲಬಾಗ, ವಿಧಾನಸೌಧ ಎಂದು ಬರೆದುಕೊಟ್ಟಿದ್ದೆ. ವಿಮಾನ ಸಂಗ್ರಹಾಲಯವನ್ನು ಸೇರಿಸಿದವರು ನಮ್ಮ ವಿಜ್ಞಾನದ ಅಕ್ಕಾವರು. ಕಬ್ಬಿಣದ ತಗಡುಗಳನ್ನು ನೋಡಲು ಅರ್ಧ ದಿನವೇಕೆ ಎಂದು ನಾನು ಗೊಣಗಿದ್ದು ನಿಜ. ಅವರು ನಕ್ಕು, “ಪಂಡಿತರೇ, ಅದು ಕಬ್ಬಿಣವಲ್ಲ, ಬಹುಪಾಲು ಅಲ್ಯುಮಿನಿಯಂ” ಎಂದರು. ನನ್ನ ಪಾಠ ಅಲ್ಲಿಂದಲೇ ಮೊದಲಾಯಿತೆನ್ನಬೇಕು.

ರಾಯಬಾಗದ ಸ್ಟೇಶನ್ನಿನಲ್ಲಿ ರೈಲು ಹತ್ತಿದೆವು. ಕಿಟಕಿಯ ಪಕ್ಕದ ಹುಡುಗನೊಬ್ಬ ಕೈಯನ್ನು ಹೊರಗೆ ಚಾಚಿದ. ನಾನು ಗದರಿಸುವುದರೊಳಗೆ ಅಕ್ಕಾವರು ಅವನ ಕೈಯನ್ನು ಒಳಗೆಳೆದು ಹೇಳಿದರು: “ಕೈ ಅಡ್ಡ ಇದ್ದಾಗ ಗಾಳಿ ಸೀಳಿಕೊಂಡು ಹೋಯಿತು, ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿದಾಗ ಕೈ ತಾನೇ ಮೇಲಕ್ಕೆದ್ದಿತು, ಹೌದೋ ಅಲ್ಲವೋ? ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನಾಳೆ ನೋಡುವುದೆಲ್ಲ ಇದರ ವಿಸ್ತಾರ. ಇನ್ನು ಕೈ ಹೊರಗೆ ಹಾಕಬೇಡ.” ಇಷ್ಟು ಸರಳವಾಗಿ ಯಾರಾದರೂ ನನಗೆ ಆ ವಯಸ್ಸಿನಲ್ಲಿ ಹೇಳಿದ್ದರೆ ನಾನೂ ವಿಜ್ಞಾನ ಓದುತ್ತಿದ್ದೆನೋ ಏನೋ.

ಮರುದಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ನಮ್ಮ ಬಸ್ಸು ಹೊರಟಿತು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವ ತನಕ ಬೆಂಗಳೂರಿಗೆ ಬರುವ ಪ್ರಯಾಣಿಕರ ವಿಮಾನಗಳು ಇಳಿಯುತ್ತಿದ್ದುದು ಇಲ್ಲಿಯೇ. ಈಗ ಆ ಓಡುದಾರಿಯಲ್ಲಿ ಸೇನೆಯ ವಿಮಾನಗಳ ಪರೀಕ್ಷೆಗಳು ನಡೆಯುತ್ತವೆ. ಅದರ ಪಕ್ಕದಲ್ಲಿಯೇ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ೨೦೦೧ರಲ್ಲಿ ತೆರೆದ ಪರಂಪರಾ ಕೇಂದ್ರ ಮತ್ತು ವಿಮಾನ ಸಂಗ್ರಹಾಲಯವಿದೆ. ಒಳಗೆ ಮುಖ್ಯವಾಗಿ ಎರಡು ಹಜಾರಗಳು. ಹೊರಗೆ ಬಯಲಿನಲ್ಲಿ ಸೇವೆ ಮುಗಿಸಿ ನಿಂತ ವಿಮಾನಗಳು.

ಮೊದಲ ಹಜಾರದಲ್ಲಿ ೧೯೪೦ರಿಂದ ಹತ್ತು ಹತ್ತು ವರ್ಷಗಳ ಕಥೆಯನ್ನು ಚಿತ್ರಗಳಲ್ಲಿ ಹೇಳಿದ್ದಾರೆ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನೊಡನೆ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಈ ಕಾರಖಾನೆಯನ್ನು ಹೂಡಿದರು. ಹಡಗು, ಸಕ್ಕರೆ, ಮೋಟಾರು ಎಂದು ಹಲವು ಉದ್ಯಮಗಳಿಗೆ ಕೈಹಾಕಿದ ಮನುಷ್ಯ ಅವರು. ಮರುವರ್ಷವೇ ಅಮೆರಿಕದಿಂದ ತರಿಸಿದ ಭಾಗಗಳನ್ನು ಜೋಡಿಸಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಇಲ್ಲಿ ಹಾರಿಸಿದರು. ಯುದ್ಧಕಾಲದಲ್ಲಿ ಇದೇ ಜಾಗ ಅಮೆರಿಕದ ವಾಯುಪಡೆಯ ವಿಮಾನಗಳಿಗೆ ದುರಸ್ತಿಯ ಶಾಲೆಯಾಯಿತು. ಜೋಡಿಸಿ ಕಲಿತರು, ರಿಪೇರಿ ಮಾಡಿ ಕಲಿತರು. ಆಮೇಲೆ ತಾವೇ ರೂಪಿಸಲು ಹೊರಟರು.

ಹಾಗೆ ನಮ್ಮವರೇ ರೂಪಿಸಿ ಕಟ್ಟಿದ ಮೊದಲ ವಿಮಾನ ಎಚ್.ಟಿ.೨. ವಾಯುಪಡೆಯ ಹೊಸಬರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಲು ಕಟ್ಟಿದ ಎರಡು ಆಸನಗಳ ಸಣ್ಣ ವಿಮಾನ. ೧೯೫೧ರ ಆಗಸ್ಟಿನಲ್ಲಿ ಮೊದಲು ಹಾರಿತು. ಅದನ್ನು ರೂಪಿಸಿದ ತಂಡದ ನಾಯಕರ ಹೆಸರು ಡಾಕ್ಟರ್ ವಿಷ್ಣು ಮಾಧವ ಘಾಟಗೆ. ಹೆಸರು ಕಿವಿಗೆ ಬಿದ್ದದ್ದೇ ತಡ, ನಿಪ್ಪಾಣಿ ಕಡೆಯ ಹುಡುಗನೊಬ್ಬ, “ಸರ, ಘಾಟಗೆ ಅಂದ್ರ ನಮ್ಮ ಕಡೆ ಮಂದಿ ಹೆಸರ್ರಿ!” ಎಂದು ಕೂಗಿದ. ಅವನ ಮಾತು ಸುಳ್ಳಲ್ಲ. ಘಾಟಗೆಯವರು ೧೯೦೮ರಲ್ಲಿ ಹುಟ್ಟಿದ್ದು ನಮ್ಮ ಗಡಿಗೆ ತಾಗಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಹಸೂರಚಂಪೂ ಎಂಬ ಹಳ್ಳಿಯಲ್ಲಿ. ಅಂಥ ಹಳ್ಳಿಯಿಂದ ಹೊರಟು ಜರ್ಮನಿಯ ಗ್ಯೋಟಿಂಗನ್ನಿಗೆ ಹೋಗಿ, ಗಾಳಿಯ ಚಲನೆಯನ್ನು ಗಣಿತಕ್ಕೆ ತಂದ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಓದಿ ಡಾಕ್ಟರೇಟ್ ಪಡೆದರು. ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ವಿದ್ಯೆಯ ಪಾಠ ಹೇಳಿದರು. ಇಲ್ಲಿ ವಿಮಾನ ಕಟ್ಟಿದರು. ೧೯೬೫ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಆಕಾಶದ ಚುಕ್ಕೆಗೂ ನಮ್ಮ ಸೀಮೆಯ ಮಣ್ಣಿಗೂ ಇರುವ ನಂಟು ಮಕ್ಕಳಿಗೆ ಆ ಕ್ಷಣದಲ್ಲಿ ಕಂಡಿತೆಂದು ಅವರ ಮೋರೆಗಳೇ ಹೇಳುತ್ತಿದ್ದುವು.

ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಚಿತ್ರಗಳನ್ನು ನೋಡುತ್ತ ಮುಂದೆ ಹೋದ ಅದೇ ಹುಡುಗ, “ಪುಷ್ಪಕ” ಎಂಬ ಹೆಸರನ್ನು ಓದಿ ಓಡಿಬಂದ. “ಸರ, ನೀವು ಪಾಠದಾಗ ಹೇಳಿದ್ದು ಇದೇ ಏನ್ರಿ? ರಾವಣಂದು?”

ಮಕ್ಕಳು ನಕ್ಕರು. ನಾನು ನಗಲಿಲ್ಲ. ಅಲ್ಲಿ ಹೇಳಿರುವ ಪುಷ್ಪಕ ೧೯೫೮ರಲ್ಲಿ ಮೊದಲು ಹಾರಿದ, ಹಾರಾಟದ ಕ್ಲಬ್ಬುಗಳಿಗಾಗಿ ಕಟ್ಟಿದ, ಇಬ್ಬರು ಕೂರುವ ಹಗುರ ವಿಮಾನ. ಆದರೆ ಹುಡುಗನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಪಾಠದಲ್ಲಿತ್ತು. ರಾಮಾಯಣದ ಭಾಗ ಬಂದಾಗಲೆಲ್ಲ ನಾನು, “ನೋಡಿ ಮಕ್ಕಳೇ, ಪರದೇಶದವರು ವಿಮಾನ ಕಂಡುಹಿಡಿದೆವೆಂದು ಬೀಗುತ್ತಾರೆ, ನಮ್ಮಲ್ಲಿ ತ್ರೇತಾಯುಗದಲ್ಲಿಯೇ ಇತ್ತು” ಎಂದು ಹೇಳುತ್ತ ಬಂದಿದ್ದೆ. ಹಾಗೆ ಹೇಳಿದರೆ ತರಗತಿ ಕಿವಿ ನಿಮಿರಿಸಿ ಕೇಳುತ್ತದೆ, ಮಾಸ್ತರನಿಗೂ ಹುರುಪು ಬರುತ್ತದೆ. ಅಂದು ಆ ಹಜಾರದಲ್ಲಿ, ಒಂದೊಂದು ವಿಮಾನದ ಹಿಂದೆ ಇಂಥ ವರ್ಷ, ಇಂಥ ತಂಡ, ಇಷ್ಟು ಪರೀಕ್ಷೆ ಎಂದು ಬರೆದಿರುವ ಗೋಡೆಗಳ ನಡುವೆ, ಆ ಮಾತನ್ನು ಮತ್ತೆ ಆಡಲು ನನಗೆ ಬಾಯಿ ಬರಲಿಲ್ಲ. “ಆಮೇಲೆ ಹೇಳುತ್ತೇನೆ” ಎಂದೆ.

ಎರಡನೆಯ ಹಜಾರದಲ್ಲಿ ಎಂಜಿನುಗಳಿವೆ. ಒಳಗಿನ ರಚನೆ ಕಾಣುವಂತೆ ಕೆಲವನ್ನು ಸೀಳಿ ಇಟ್ಟಿದ್ದಾರೆ. ಜೆಟ್ ಎಂಜಿನು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅಕ್ಕಾವರು ಕಮ್ಮಾರನ ಕುಲುಮೆಯನ್ನು ನೆನಪಿಸಿ ಹೇಳಿದರು. ಮುಂದಿನ ಗಾಲಿಗಳು ತಿದಿಯಂತೆ ಗಾಳಿಯನ್ನು ಎಳೆದು ಒತ್ತುತ್ತವೆ. ಒತ್ತಿದ ಗಾಳಿಯಲ್ಲಿ ಎಣ್ಣೆ ಉರಿಯುತ್ತದೆ. ಕಾದು ಉಬ್ಬಿದ ಗಾಳಿ ಹಿಂದಕ್ಕೆ ನುಗ್ಗುವಾಗ ಇನ್ನೊಂದು ಗಾಲಿಯನ್ನು ತಿರುಗಿಸುತ್ತದೆ; ಆ ಗಾಲಿಯ ಅಚ್ಚೇ ಮುಂದಿನ ತಿದಿಯನ್ನು ತಿರುಗಿಸುವುದು. ಎಂದರೆ ಬೆಂಕಿ ತನ್ನ ತಿದಿಯನ್ನು ತಾನೇ ಊದಿಕೊಳ್ಳುತ್ತದೆ. ಉಳಿದ ರಭಸ ಹಿಂದಕ್ಕೆ ಚಿಮ್ಮಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಕಮ್ಮಾರರ ಮನೆಯ ಹುಡುಗನೊಬ್ಬ ಆ ಎಂಜಿನಿನ ಮುಂದೆ ನಿಂತುಬಿಟ್ಟ. ಅವನನ್ನು ಕರೆದುಕೊಂಡು ಬರಲು ಇಬ್ಬರು ಹೋಗಬೇಕಾಯಿತು.

ಹೊರಗಿನ ಬಯಲಿನಲ್ಲಿ ನಿಂತಿರುವವುಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಮಾರುತ. ಹನುಮಂತನ ತಂದೆಯ ಹೆಸರಾದ್ದರಿಂದ ಪಂಡಿತನಿಗೆ ಅದರ ಮೇಲೆ ಪಕ್ಷಪಾತ ಬಂದಿತೆಂದು ತಾವು ನಗಬಹುದು. ಮಾರುತವನ್ನು ರೂಪಿಸಲು ಜರ್ಮನಿಯ ಹೆಸರಾಂತ ವಿಮಾನ ಶಿಲ್ಪಿ ಕುರ್ಟ್ ಟ್ಯಾಂಕ್ ೧೯೫೬ರಲ್ಲಿ ಬೆಂಗಳೂರಿಗೆ ಬಂದರು. ಅವರ ಕೈಕೆಳಗೆ ನಮ್ಮ ಎಂಜಿನಿಯರುಗಳು ದುಡಿದರು. ೧೯೬೧ರ ಜೂನ್ ೧೭ರಂದು ಅದು ಮೊದಲು ಹಾರಿತು. ಶಬ್ದಕ್ಕಿಂತ ಬಹು ವೇಗವಾಗಿ ಹಾರಬೇಕೆಂಬುದು ಅದರ ಗುರಿ. ಶರೀರವೂ ಅದಕ್ಕೆ ತಕ್ಕುದಾಗಿತ್ತು. ಆದರೆ ನೆಚ್ಚಿಕೊಂಡಿದ್ದ ಬಲವಾದ ಎಂಜಿನು ದೊರೆಯಲಿಲ್ಲ. ಇದ್ದ ಸಣ್ಣ ಎಂಜಿನುಗಳನ್ನೇ ಎರಡು ಕೂಡಿಸಿ ಹಾರಿಸಬೇಕಾಯಿತು. ಎಣಿಸಿದ ವೇಗ ಕೈಗೆ ಬರಲಿಲ್ಲ. ಹಾಗಿದ್ದೂ ೧೪೭ ಮಾರುತಗಳನ್ನು ಕಟ್ಟಿದರು. ೧೯೭೧ರ ಯುದ್ಧದಲ್ಲಿ ಅವು ಪಶ್ಚಿಮದ ಗಡಿಯಲ್ಲಿ ಕಾದಿದುವು.

ಅದನ್ನು ಮೊದಲು ಹಾರಿಸಿದ ಪೈಲಟ್ ಸುರಂಜನ್ ದಾಸ್. ಹೊಸ ವಿಮಾನವನ್ನು ಮೊದಲ ಸಲ ಹಾರಿಸುವುದೆಂದರೆ, ಪುಸ್ತಕದಲ್ಲಿ ಬರೆದ ಲೆಕ್ಕವನ್ನು ತನ್ನ ಪ್ರಾಣವನ್ನೊಡ್ಡಿ ತಾಳೆ ನೋಡುವುದು. ೧೯೭೦ರ ಜನವರಿಯಲ್ಲಿ ಮಾರುತದ ಸುಧಾರಿಸಿದ ಮಾದರಿಯನ್ನು ಪರೀಕ್ಷಿಸುವಾಗ ಇದೇ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಸಂಗ್ರಹಾಲಯದ ಹಾದಿಯಲ್ಲಿ ನಾವು ದಾಟಿ ಬಂದ ರಸ್ತೆಯೊಂದಕ್ಕೆ ಅವರದೇ ಹೆಸರು. ಬರುವಾಗ ಆ ಫಲಕವನ್ನು ಮಕ್ಕಳು ಓದಿದ್ದರು, ಅರ್ಥ ತಿಳಿದಿರಲಿಲ್ಲ. ಈಗ ಅರ್ಥವಾಯಿತು. ಸೋತದ್ದನ್ನೂ, ಕಳೆದುಕೊಂಡದ್ದನ್ನೂ ಮುಚ್ಚದೆ ಗೆದ್ದುದರ ಜೊತೆಯಲ್ಲಿ ನಿಲ್ಲಿಸಿರುವುದೇ ಇಂಥ ಮನೆಗಳ ದೊಡ್ಡ ಗುಣವೆಂದು ನನಗೆ ತೋರಿತು.

ಅಷ್ಟರಲ್ಲಿ ಪಕ್ಕದ ನಿಲ್ದಾಣದಿಂದ ಹೆಲಿಕಾಪ್ಟರೊಂದು ಎದ್ದು ನಮ್ಮ ತಲೆಯ ಮೇಲೆಯೇ ಹೋಯಿತು. ಮಕ್ಕಳೆಲ್ಲ ಕೈಬೀಸಿ ಕೂಗಿದರು. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮಾತ್ರ ಕಿವಿ ಮುಚ್ಚಿಕೊಂಡು ನಿಂತಳು. ಹೊಳೆಯ ದಂಡೆಯ ಹಳ್ಳಿಯವಳು. ೨೦೧೯ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೆ ಉಕ್ಕಿ ಬಂದದ್ದನ್ನು ನಮ್ಮ ಕಡೆಯವರು ಯಾರೂ ಮರೆಯಲಾರರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಎಷ್ಟೋ ಊರುಗಳಿಗೆ ಹಾದಿಯೇ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ನೀರಿನ ನಡುವೆ ಸಿಕ್ಕಿಬಿದ್ದವರನ್ನು ತರಲು ವಾಯುಪಡೆಯ ಹೆಲಿಕಾಪ್ಟರುಗಳು ಬಂದುವು. ಆಗ ಅವಳಿಗೆ ಏಳು ವರ್ಷ. ಮಾಳಿಗೆಯ ಮೇಲೆ ಮನೆಯವರೊಡನೆ ಕುಳಿತಿದ್ದಾಗ ಆ ಸದ್ದು ಕೇಳಿತಂತೆ. “ನಮ್ಮ ಆಯಿ ದೇವರು ಬಂದ ಅಂತ ಕೈ ಮುಗಿದಿದ್ಲ್ರಿ” ಎಂದಳು. ತುಸು ಹೊತ್ತು ಬಿಟ್ಟು ಕೇಳಿದಳು: “ಅದನ್ನ ಮಾಡಿದವ್ರು ಇಲ್ಲೇ ಅದಾರೇನ್ರಿ?”

ಅಕ್ಕಾವರು ಅವಳಿಗೆ ಇದ್ದುದನ್ನು ಇದ್ದ ಹಾಗೆ ಹೇಳಿದರು. ವಾಯುಪಡೆಯಲ್ಲಿರುವ ದೊಡ್ಡ ಹೆಲಿಕಾಪ್ಟರುಗಳು ಹಲವು ರಷ್ಯದಲ್ಲಿ ಮಾಡಿದವು; ಧ್ರುವ ಎಂಬುದು ಮಾತ್ರ ಈ ಊರಿನಲ್ಲಿಯೇ ರೂಪುಗೊಂಡದ್ದು, ೧೯೯೨ರಲ್ಲಿ ಮೊದಲು ಹಾರಿತು, ಅದನ್ನು ಮಾಡುವ ಗಂಡಸರೂ ಹೆಂಗಸರೂ ಈ ಗೋಡೆಯಾಚೆಯ ಕಾರಖಾನೆಗಳಲ್ಲಿದ್ದಾರೆ ಎಂದರು. ಹುಡುಗಿ ಗೋಡೆಯನ್ನೇ ನೋಡುತ್ತಿದ್ದಳು. ನನಗೆ ಅಲ್ಲಿಯೇ ನಿಶ್ಚಯವಾಯಿತು. ಆ ಅಜ್ಜಿ ಕೈಮುಗಿದದ್ದರಲ್ಲಿ ತಪ್ಪಿಲ್ಲ. ಆದರೆ ಮೊಮ್ಮಗಳು ಕೇಳಿದ ಪ್ರಶ್ನೆ ಕೈಮುಗಿಯುವವರದಲ್ಲ, ಕೈಯಿಂದ ಮಾಡಬೇಕೆನ್ನುವವರದು. ಅಂಥ ಮಕ್ಕಳಿಗೆ “ಎಲ್ಲವೂ ನಮ್ಮಲ್ಲಿ ಹಿಂದೆಯೇ ಇತ್ತು” ಎಂದು ಹೇಳಿ ಕೂರಿಸುವುದು ಮಾಸ್ತರನಾದವನು ಮಾಡಬಾರದ ಕೆಲಸ.

ರಾತ್ರಿ ರೈಲಿನಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ನನ್ನ ತಪ್ಪನ್ನು ಒಪ್ಪಿಕೊಂಡೆ. ಕಾವ್ಯದ ಪುಷ್ಪಕ ಯಂತ್ರವಲ್ಲವೆಂದು ತಿಳಿಯಲು ಕಾವ್ಯವೇ ಸಾಕ್ಷಿ. ಒಡೆಯನ ಮನಸ್ಸು ಎಲ್ಲಿಗೆಂದರೆ ಅಲ್ಲಿಗೆ ಅದು ಹೋಗುತ್ತದೆ. ಎಷ್ಟು ಜನ ಏರಿದರೂ ಇನ್ನಷ್ಟು ಜನರಿಗೆ ಎಡೆಯಿರುತ್ತದೆ. ರೆಕ್ಕೆ ಎಷ್ಟು ಮೊಳ, ತೂಕ ಎಷ್ಟು ಮಣ, ಏನನ್ನು ಉರಿಸಿ ಓಡಿತು ಎಂದು ಕವಿ ಹೇಳುವುದಿಲ್ಲ. ಹೇಳುವುದು ಅವನ ಕೆಲಸವೂ ಅಲ್ಲ. ನಮ್ಮ ಬೆಂಗಳೂರಿನ ಸೀಮೆಯ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರ ವರೆಗೆ ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವೊಂದಿದೆ, ಅದು ಭರದ್ವಾಜ ಋಷಿಯದೆಂದು ಪ್ರತೀತಿ. ೧೯೭೪ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು ಅದನ್ನು ಕುಳಿತು ಓದಿದರು, ಚಿತ್ರಗಳನ್ನು ಲೆಕ್ಕಕ್ಕೆ ಹಚ್ಚಿದರು. ಅಲ್ಲಿ ಬರೆದಂತೆ ಕಟ್ಟಿದರೆ ಹಾರುವುದು ಸಾಧ್ಯವಿಲ್ಲ, ಭಾಷೆಯೂ ಪ್ರಾಚೀನವಲ್ಲ, ಗ್ರಂಥ ೧೯೦೪ಕ್ಕಿಂತ ಹಿಂದಿನದಲ್ಲ ಎಂದು ತೀರ್ಮಾನ ಕೊಟ್ಟರು. ಒಂದನ್ನು ನೋಡಿ ಇನ್ನೊಂದೆಂದು ತಿಳಿಯುವುದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಭ್ರಾಂತಿಮದಲಂಕಾರವೆಂದು ಹೆಸರಿದೆ. ಪದ್ಯದಲ್ಲಿ ಅದು ಸೊಗಸು. ಪಾಠದಲ್ಲಿ ಅದು ಭ್ರಾಂತಿ ಮಾತ್ರ.

“ಹಂಗಾದ್ರ ಪುಷ್ಪಕ ಸುಳ್ಳೇನ್ರಿ?” ಎಂದು ಹುಡುಗ ಕೇಳಿದ. ಮೋರೆ ಸಪ್ಪಗಾಗಿತ್ತು. ಸುಳ್ಳಲ್ಲ, ಆಸೆ ಎಂದೆ. ನೆಲಕ್ಕೆ ಕಟ್ಟುಬಿದ್ದ ಮನುಷ್ಯ ಹಾರಬೇಕೆಂದು ಎಷ್ಟು ಹಿಂದೆಯೇ ಹಂಬಲಿಸಿದನೆಂಬುದಕ್ಕೆ ಪುಷ್ಪಕವೇ ಪ್ರಮಾಣ. ಆ ಹಂಬಲವಿಲ್ಲದಿದ್ದರೆ ಯಾರೂ ರೆಕ್ಕೆ ಕಟ್ಟುತ್ತಿರಲಿಲ್ಲ. ಆದರೆ ಆಸೆಗೂ ಹಾರಾಟಕ್ಕೂ ನಡುವೆ ಒಂದು ಸಂಗತಿ ಇದೆ, ಅದು ಅಳತೆ. ಅಮೆರಿಕದ ರೈಟ್ ಸೋದರರು ೧೯೦೧ರಲ್ಲಿ, ಹಿಂದಿನವರು ಬರೆದಿಟ್ಟ ಕೋಷ್ಟಕಗಳ ಮೇಲೆ ಸಂಶಯಗೊಂಡು, ಮರದ ಪೆಟ್ಟಿಗೆಯೊಂದರಲ್ಲಿ ಗಾಳಿ ಹಾಯಿಸಿ ರೆಕ್ಕೆಗಳ ಪುಟ್ಟ ಮಾದರಿಗಳನ್ನು ಒಂದೊಂದಾಗಿ ಅಳೆದರು. ೧೯೦೩ರ ಡಿಸೆಂಬರ್ ೧೭ರಂದು ಅವರು ಮೊದಲು ಹಾರಿದ್ದು ೧೨ ಸೆಕೆಂಡು, ೧೨೦ ಅಡಿ. ನಮ್ಮ ಶಾಲೆಯ ಅಂಗಳದ ಒಂದು ಕೊನೆಯಿಂದ ಇನ್ನೊಂದು ಕೊನೆಗೂ ಅಷ್ಟೇ ದೂರ. ಆ ೧೨ ಸೆಕೆಂಡಿನ ಹಿಂದೆ ವರ್ಷಗಳ ಅಳತೆಯಿತ್ತು.

ಇಲ್ಲಿ ನನ್ನ ಪಾಂಡಿತ್ಯವೂ ಸ್ವಲ್ಪ ಕೆಲಸಕ್ಕೆ ಬಂದಿತು. ವಿಮಾನವೆಂಬ ಮಾತಿನ ಒಳಗಿರುವುದೇ ‘ಮಾ’ ಎಂಬ ಧಾತು. ಅದರ ಅರ್ಥ ಅಳೆಯುವುದು. ವಿಮಾನವೆಂದರೆ ಚೆನ್ನಾಗಿ ಅಳೆದದ್ದು. ನಮ್ಮ ಶಿಲ್ಪಿಗಳು ಗುಡಿಯ ವಿಮಾನವನ್ನು ಅಂಗುಲ ಅಂಗುಲವಾಗಿ ಅಳೆದು ಕಟ್ಟಿದರು. ಅಳೆದ ಆ ವಿಮಾನಗಳು ಪಟ್ಟದಕಲ್ಲಿನಲ್ಲಿ, ಐಹೊಳೆಯಲ್ಲಿ ಸಾವಿರಕ್ಕೂ ಮೀರಿದ ವರ್ಷಗಳಿಂದ ನಿಂತಿವೆ. ಹಿರಿಯರಿಂದ ನಮಗೆ ಬಂದ ಆಸ್ತಿಯನ್ನು ತೋರಿಸಬೇಕಾದರೆ ಅದನ್ನು ತೋರಿಸೋಣ. ಘಾಟಗೆಯವರು ಮುಂದುವರಿಸಿದ್ದು ಆ ಅಳತೆಯ ವಿದ್ಯೆಯನ್ನೇ ಎಂದರೆ ತಪ್ಪಾಗಲಾರದು.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಿದೆ. ೨೦೨೪ರ ಮಾರ್ಚ್ ೨೨ರಂದು ನಮ್ಮದೇ ರಾಜ್ಯದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇಸ್ರೋದವರು ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರು ಮೇಲಕ್ಕೆ ಒಯ್ದು ಬಿಟ್ಟರು. ಅದು ಚಾಲಕನಿಲ್ಲದೆ ತಾನೇ ದಾರಿ ತಿದ್ದಿಕೊಂಡು ಓಡುದಾರಿಗೆ ಬಂದಿಳಿಯಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬರುವ, ಮತ್ತೆ ಮತ್ತೆ ಬಳಸಬಹುದಾದ ವಾಹನವನ್ನು ಮುಂದೆ ಕಟ್ಟಬೇಕೆಂಬ ಪ್ರಯತ್ನದ ಒಂದು ಮೆಟ್ಟಿಲು ಅದು. ಅದಕ್ಕೆ ಅವರು ಇಟ್ಟ ಹೆಸರು ಪುಷ್ಪಕ. ಹುಡುಗನ ಮೋರೆ ಅರಳಿತು. “ಇದರ ರೆಕ್ಕಿ ಎಷ್ಟು ಉದ್ದ ಅಂತ ಬರದಿಟ್ಟಿರ್ತಾರಲ್ರಿ?” ಎಂದ. ಬರೆದಿಟ್ಟಿರುತ್ತಾರೆ, ಹುಡುಕಿ ನೀನೇ ನನಗೆ ಹೇಳು ಎಂದೆ.

ಕೇಳುಗರಲ್ಲಿ ತಂದೆತಾಯಿಗಳಿದ್ದರೆ ಒಂದು ವಿನಂತಿ. ಬೆಂಗಳೂರಿಗೆ ಮದುವೆಗೋ ಆಸ್ಪತ್ರೆಗೋ ಹೋದಾಗ ಅರ್ಧ ದಿನ ಉಳಿಸಿಕೊಂಡು ಮಕ್ಕಳನ್ನು ಆ ಮನೆಗೆ ಕರೆದುಕೊಂಡು ಹೋಗಿರಿ. ಗಂಡುಮಕ್ಕಳನ್ನಷ್ಟೇ ಅಲ್ಲ, ಹೆಣ್ಣುಮಕ್ಕಳನ್ನೂ. ಅವರು ಏನಾದರೂ ಕೇಳಿ ತಮಗೆ ಉತ್ತರ ಗೊತ್ತಿಲ್ಲದಿದ್ದರೆ, ನನ್ನ ಹಾಗೆ ಇಪ್ಪತ್ತೆಂಟು ವರ್ಷ ತಡಮಾಡದೆ, ಗೊತ್ತಿಲ್ಲವೆಂದು ಅಲ್ಲಿಯೇ ಹೇಳಿಬಿಡಿರಿ. ಅದರಿಂದ ಹಿರಿತನವೇನೂ ಕಡಿಮೆಯಾಗುವುದಿಲ್ಲ.

ಈ ವರ್ಷವೂ ನಾನು ರಾಮಾಯಣದ ಪಾಠ ಹೇಳಿದೆ. ಪುಷ್ಪಕ ಬಂದಿತು, ಮಕ್ಕಳು ಹಿಂದಿನ ಹಾಗೆಯೇ ಕಣ್ಣರಳಿಸಿ ಕೇಳಿದರು. ಪದ್ಯ ಮುಗಿದ ಮೇಲೆ ಕರಿಹಲಗೆಯ ಮೇಲೆ ಎಚ್.ಟಿ.೨ರ ಚಿತ್ರ ಬರೆದು, ಅದರ ಕೆಳಗೆ ಘಾಟಗೆಯವರ ಹೆಸರನ್ನೂ ಅವರ ಊರನ್ನೂ ಬರೆದೆ. ರೆಕ್ಕೆ ಸ್ವಲ್ಪ ಸೊಟ್ಟಗಾಯಿತು. ಹೊಳೆಯ ದಂಡೆಯ ಆ ಹುಡುಗಿ ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾಳೆ. ಎದ್ದು ಬಂದು, ಪಟ್ಟಿಯಿಟ್ಟು ಅಳೆದು, ಅದನ್ನು ತಿದ್ದಿದಳು.